ನಾನು ತೊಳೆದ ಹೆಜ್ಜೆಗಳು

ಗೋವಿಂದಣ್ಣ, ಆ ಭಾನುವಾರ ಮೀನು ಒಣಗಿಸುವ ಕಣದ ಮೇಲೆ ಮೂಡಿದ್ದ ನಿಮ್ಮ ರಕ್ತದ ಹೆಜ್ಜೆಗಳನ್ನು ನೀರು ಹೊಯ್ದು ತೊಳೆದವಳು ನಾನು. ನಿಮ್ಮ ಬಲಪಾದ ಸೀಳಿದೆ, ಸೀಳಿದ್ದು ನಿಮಗೆ ಗೊತ್ತಾಗಿಲ್ಲ — ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡೆ. ಗಾಬರಿಯಿಂದಲ್ಲ, ಮರೆವಿನಿಂದಲ್ಲ. ಸೇಡಿಗೆ.

ಮೂರು ವರ್ಷವಾಯಿತು. ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಬಿಡುತ್ತ ಹೋದರೆ ನನಗೆ ಬೇಕಾದ್ದನ್ನೇ ಬಿಟ್ಟೇನು.

ನನ್ನ ನಾಯಿ ಚುಕ್ಕಿ ಮರಿಯಾಗಿದ್ದಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ್ದಳು. ಮುಂದಿನ ಬಲಗಾಲನ್ನು ಬುಡದಿಂದಲೇ ತೆಗೆಯಬೇಕಾಯಿತು. ಅದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ನಮ್ಮೂರು ತೆಂಗಿನಗುಂಡಿಯಲ್ಲಿ ಅವಳಿಗೆ ‘ಮುಕ್ಕಾಲಿ’ ಎಂದು ಹೆಸರಿಟ್ಟವರು ನೀವು. ನಾನು ನನ್ನಮ್ಮನಿಗೆ, ಆಯಿಗೆ, ಊಟದ ಡಬ್ಬಿ ತಂದಾಗೆಲ್ಲ, ಒಣಗಲು ಹರವಿದ ಮೀನಿನ ನಡುವಿನಿಂದ ಕೂಗುತ್ತಿದ್ದಿರಿ: “ಎಂತದೇ ಸುಜಾತಾ, ನಿನ್ನ ಮುಕ್ಕಾಲಿಗೆ ಗೆಜ್ಜೆ ಯಾವಾಗ ಕಟ್ಟೂದು? ಮೂರೇ ಸಾಕಲ, ಒಂದು ಉಳೀತು!” ಕಣದ ಹೆಂಗಸರೆಲ್ಲ ನಗುತ್ತಿದ್ದರು. ಆಯಿಯೂ ನಗುತ್ತಿದ್ದಳು. ನಿಮ್ಮ ಕಣದಲ್ಲಿ ದಿನಗೂಲಿ ಮಾಡುವವಳು ನಿಮ್ಮ ತಮಾಷೆಗೆ ನಗದೆ ಏನು ಮಾಡಿಯಾಳು.

ನಗು ನನಗೂ ಅಭ್ಯಾಸವಾಗಿತ್ತು. ನನಗಿದ್ದ ಚಿಂತೆ ಬೇರೆ. ಚುಕ್ಕಿಯ ಮುಂಭಾಗದ ಭಾರವನ್ನೆಲ್ಲ ಒಂದೇ ಎಡಪಾದ ಹೊರಬೇಕು. ಅದರ ಅಡಿಯ ಕಪ್ಪು ಮೆತ್ತೆ ಕಾದ ಡಾಂಬರಿಗೆ, ಉಪ್ಪು ಮರಳಿಗೆ ಬಿರಿಯುತ್ತಿತ್ತು. “ದಿನಾ ಪಾದ ಎತ್ತಿ ನೋಡು, ಅದು ಹೋದ್ರೆ ನಾಯಿಯೇ ಹೋತು,” ಎಂದಿದ್ದರು ಹೊನ್ನಾವರದ ಪಶುವೈದ್ಯರು. ನೋಡಿದೆ. ಸಂಜೆ ಸಿಹಿನೀರಲ್ಲಿ ತೊಳೆದು, ಬೆರಳ ಸಂದಿ ಒರೆಸಿ, ನಾವು ಹಿಮ್ಮಡಿ ಒಡೆದರೆ ಹಚ್ಚಿಕೊಳ್ಳುವ ಮುರುಗಲು ತುಪ್ಪವನ್ನೇ ತೆಳ್ಳಗೆ ತಿಕ್ಕುತ್ತಿದ್ದೆ. ಸೈಕಲ್ ಟ್ಯೂಬು ಕತ್ತರಿಸಿ ಚೀಲ ಹೊಲಿದೆ. ಮೊದಲ ಚೀಲ ಬಿಗಿಯಾಗಿ, ಒಳಗೆ ಬೆವತು, ಮೆತ್ತೆ ನೆನೆದ ಅಕ್ಕಿಯಂತಾಯಿತು. ಆಮೇಲೆ ಮಧ್ಯಾಹ್ನದ ಬಿಸಿಲಿಗಷ್ಟೇ ಸಡಿಲವಾಗಿ ಕಟ್ಟಿದೆ. ಯಾವುದನ್ನಾದರೂ ಬರೆದಿಡದೆ ನಿದ್ದೆ ಬಾರದವಳು ನಾನು — ತಾರೀಕು ಹಾಕಿ, ಆ ಪಾದಕ್ಕೆ ದಿನಕ್ಕೊಂದೇ ಪದ: ಒಣ, ಬಿರುಕು, ಕೆಂಪು, ಒಣ.

ಚುಕ್ಕಿ ನಿಮ್ಮ ಕಣಕ್ಕೆ ನುಗ್ಗುತ್ತಿದ್ದಳು, ನಿಜ. ಬೇಲಿಯ ಸಂದಿಯಲ್ಲಿ ಬಂದು ಬಂಗಡೆ ಕಚ್ಚಿಕೊಂಡು ಹೋಗುತ್ತಿದ್ದಳು. ನೀವು ಕಲ್ಲು ಹೊಡೆದಿದ್ದರೆ ನಾನು ಸಹಿಸುತ್ತಿದ್ದೆ. ನೀವು ಬುಟ್ಟಿಯಲ್ಲಿ ಕಲ್ಗದ ಚಿಪ್ಪು ತಂದಿರಿ. ಕಡಲ ಬಂಡೆಯಿಂದ ಒಡೆದು ತೆಗೆದ, ಬ್ಲೇಡಿನ ಅಂಚಿನ ಸಿಂಪಿಚಿಪ್ಪು — ಅದನ್ನು ಜಜ್ಜಿ ಆ ಸಂದಿಯ ಮರಳಿನ ತುಂಬ ಹರವಿದಿರಿ. ಆಯಿ ನೋಡುತ್ತಿದ್ದಳು. “ನಾಲ್ಕು ಕಾಲಿನದಾದ್ರೆ ಹಾರಿ ದಾಟ್ತಿತ್ತು. ಇದು ಎಲ್ಲಿ ಹಾರ್ತದೆ?” ಎಂದಿರಂತೆ. ಮನೆಗೆ ಬಂದ ಆಯಿ ಆ ಮಾತನ್ನು ಹೇಳುವಾಗ ನಗಲಿಲ್ಲ.

ಚುಕ್ಕಿ ಆ ಚಿಪ್ಪು ತುಳಿದೇ ಬಂದಿದ್ದಳು. ಮೆತ್ತೆ ಎರಡು ಹೋಳಾಗಿತ್ತು. ಕುಂಟುವುದಕ್ಕೂ ಒಂದು ಕಾಲು ಮಿಗಬೇಕು, ಗೋವಿಂದಣ್ಣ. ಅವಳಿಗೆ ಮಿಗುವಂಥದ್ದು ಇರಲಿಲ್ಲ. ಉಚ್ಚೆಗೆ ಹೋಗಲು ಎದೆಯನ್ನು ನೆಲಕ್ಕೆ ಉಜ್ಜುತ್ತ ತೆವಳಿದಳು. ನಾನು ಹೊಟ್ಟೆಯಡಿ ಪಂಚೆ ಹಾಕಿ ಎತ್ತಿ ಹಿಡಿದರೆ ನಾಚಿಕೆಪಟ್ಟವಳಂತೆ ಮುಖ ತಿರುಗಿಸುತ್ತಿದ್ದಳು. ಅವಳು ಮತ್ತೆ ನಿಂತದ್ದು ಹನ್ನೊಂದು ದಿನಕ್ಕೆ. ಎಣಿಸಿದ್ದೆ. ನಾನು ನಿಮ್ಮ ಅಂಗಳಕ್ಕೆ ಬಂದು ಕೂಗಾಡಲಿಲ್ಲ — ಆಯಿಯ ಕೂಲಿ ಇತ್ತು. ಹನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಆಮೇಲೆ ಆ ಭಾನುವಾರ. ನಾನು ಆಯಿಗೆ ಡಬ್ಬಿ ತಂದಿದ್ದೆ. ಗಾಳಿಗೆ ಬೇಲಿಯ ಗೂಟ ವಾಲಿತ್ತು. ಮೀನು ಒಣಗುವ ಕಣವನ್ನು ಚಪ್ಪಲಿ ಹಾಕಿ ಹತ್ತಬಾರದು, ಅದು ಅನ್ನ ಕೊಡುವ ನೆಲ ಎಂದು ಎಲ್ಲರಿಗೂ ಕಲಿಸಿದವರು ನೀವು. ನಿಮ್ಮ ಚಪ್ಪಲಿ ಆಚೆ ಅಂಚಿನಲ್ಲಿತ್ತು. ಕಣದಿಂದ ನೇರ ಬರಿಗಾಲಲ್ಲೇ ಬೇಲಿಗೆ ಇಳಿದಿರಿ. ಚಿಪ್ಪಿನ ಮೇಲೆ ಮರಳು ಕೂತಿತ್ತು, ನೀವು ಮರೆತಿದ್ದಿರಿ. ಗೂಟ ನೆಟ್ಟಗೆ ಮಾಡಿ, ಬೀಡಿ ಹಚ್ಚಿ, ತಿರುಗಿ ಬಂದಿರಿ — ಸಿಮೆಂಟಿನ ಮೇಲೆ ಒಂದು ಬಿಟ್ಟು ಒಂದು ಹೆಜ್ಜೆ ಕೆಂಪು.

ನೀವು ಒಮ್ಮೆಯೂ ಕುಂಟಲಿಲ್ಲ. ಸುಡುವ ಸಿಮೆಂಟಿನ ಮೇಲೆ ನಿಂತು “ನನ್ನ ಕಾಲಿಗೆ ಬಿಸಿಲೇ ತಾಗೂದಿಲ್ಲ, ಹಳೇ ಮಾಲು” ಎಂದು ಜಂಬಪಡುತ್ತಿದ್ದವರು. ಹಳೇ ಮಾಲಲ್ಲ ಅದು, ಸಕ್ಕರೆ ಕಾಯಿಲೆ. ಜಾಲಿಯ ಔಷಧಿ ಅಂಗಡಿಯಲ್ಲಿ ನಿಮಗೆ ತಿಂಗಳು ತಿಂಗಳು ಮಾತ್ರೆ ಕೊಡುತ್ತಿದ್ದವಳು ನಾನೇ. ಸ್ಪರ್ಶ ಸತ್ತ ಪಾದದ ಗಾಯ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಹೆಂಗಸರು ನೆರಳಿನಲ್ಲಿ ಊಟಕ್ಕೆ ಕೂತಿದ್ದರು. ಅವರು ಎದ್ದು ಬಂದರೆ ಕಾಣುತ್ತಿತ್ತು. ನಾನು ಕೊಡ ತೆಗೆದುಕೊಂಡೆ. ಒಂದೊಂದೇ ಹೆಜ್ಜೆಯ ಮೇಲೆ ನೀರು ಹೊಯ್ದು ಹಿಡಿಪೊರಕೆಯಿಂದ ಗುಡಿಸಿದೆ. ನೀವು ತಿರುಗಿ ನೋಡಿದಿರಿ.

“ಅರೆರೆ, ಮುಕ್ಕಾಲಿ ಯಜಮಾನ್ತಿಗೆ ಬುದ್ಧಿ ಬಂತಾ! ಕಣ ತೊಳೀತೀಯಲೇ. ಎಂತ ಬೇಕು ನಿಂಗೆ?”

“ಎಂತದೂ ಬೇಡ,” ಎಂದೆ.

ಚುಕ್ಕಿಯ ಹನ್ನೊಂದು ದಿನ ನಿಮಗೂ ಆಗಲಿ. ಹನ್ನೆರಡನೆಯ ದಿನ ನಾನೇ ಹೇಳುತ್ತೇನೆ. ಇದು ನನ್ನ ಲೆಕ್ಕ. ಎಷ್ಟು ನ್ಯಾಯವಾಗಿ ಕಂಡಿತೆಂದರೆ — ಆ ರಾತ್ರಿ ಎಂದಿನಂತೆ ‘ಒಣ’ ಎಂದು ಬರೆದು, ಚೆನ್ನಾಗಿ ನಿದ್ದೆ ಮಾಡಿದೆ.

ಆರನೆಯ ದಿನ ನೀವು ಅಂಗಡಿಗೆ ಬಂದಿರಿ. ಕಣ್ಣು ಕೆಂಪಾಗಿತ್ತು. “ಮೈ ಬೆಚ್ಚಗಾಗ್ತದೆ ತಂಗಿ. ಜ್ವರದ ಮಾತ್ರೆ ಕೊಡು.” ‘ತಂಗಿ’ ಎಂದಿರಿ, ಅದುವರೆಗೆ ಒಮ್ಮೆಯೂ ಕರೆದಿರಲಿಲ್ಲ. ಕೌಂಟರಿನಾಚೆಯಿಂದ ನನಗೆ ನಿಮ್ಮ ಕಾಲು ಕಾಣುತ್ತಿರಲಿಲ್ಲ, ಆದರೆ ವಾಸನೆ ಬಂತು. ಒಣಮೀನಿನದಲ್ಲ. “ಕಾಲು ನೋಡ್ಕೊಳ್ಳಿ” — ಎರಡೇ ಪದ. ನಾಲಗೆಯ ಮೇಲೆ ಬಂದವು. “ಆತು,” ಎಂದಷ್ಟೇ ಹೇಳಿ ಮಾತ್ರೆ ಕೊಟ್ಟೆ. ಇನ್ನೂ ಐದು ದಿನ ಬಾಕಿ ಇತ್ತು.

ಒಂಬತ್ತನೆಯ ದಿನ ನಿಮ್ಮನ್ನು ಕಣದಿಂದಲೇ ಎತ್ತಿ ಕಾರಿಗೆ ಹಾಕಿದರು. ಹದಿನೈದು ದಿನ ಬಿಟ್ಟು ನೀವು ಮನೆಗೆ ಬರುವಾಗ ಬಲಪಾದ ಇರಲಿಲ್ಲ.

ಸುದ್ದಿ ಕೇಳಿ ಮೊದಲು ನನಗೆ ಆದದ್ದು ಸಂತೋಷ. ಅದನ್ನೂ ಬರೆಯಬೇಕು. ಚುಕ್ಕಿಯ ಕಿವಿಯಲ್ಲಿ ಹೇಳಿದೆ, “ಈಗ ಹಾರ್ಲಿ ನೋಡುವಾ.” ಅವಳು ಬಾಲ ಅಲ್ಲಾಡಿಸಿದಳು — ನನ್ನ ದನಿಗೆ. ಅವಳಿಗೆ ಸೇಡು ಬೇಕಿರಲಿಲ್ಲ, ಬಂಗಡೆ ಬೇಕಿತ್ತು.

ಸಂತೋಷ ಎಷ್ಟು ದಿನ ಉಳಿಯಿತೆಂದು ಮಾತ್ರ ನಾನು ಎಣಿಸಿಲ್ಲ. ಕಣದಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದ ನೀವು ಈಗಲೂ ಎಡಗಾಲಿನ ಒಂದೇ ಚಪ್ಪಲಿಯನ್ನು ಕಣದಾಚೆ ಬಿಡುತ್ತೀರಿ. ಅದನ್ನು ನೋಡಿದ ದಿನ... ಆ ವಾಕ್ಯವನ್ನು ಮುಗಿಸಲು ನನಗೆ ಆಗಿಲ್ಲ.

ಚಿಪ್ಪು ಹರವಿದ್ದನ್ನು ನಾನು ಕ್ಷಮಿಸಿಲ್ಲ. ಸುಳ್ಳು ಹೇಳುವುದಿಲ್ಲ. ಚುಕ್ಕಿಯ ಮೆತ್ತೆಯ ನಡುವಿನ ಗುಲಾಬಿ ಗೆರೆಯ ಮೇಲೆ ಬೆರಳಾಡಿಸುವಾಗ ಇಂದಿಗೂ ಹಲ್ಲು ಕಚ್ಚುತ್ತೇನೆ. ಆದರೆ ನೀವು ಕಿತ್ತುಕೊಂಡದ್ದು ಮರಳಿ ಬಂತು. ನಾನು ಕಿತ್ತುಕೊಂಡದ್ದು ಬರುವುದಿಲ್ಲ.

ಇಂದು ಸಂಜೆ ಆಯಿಯನ್ನು ಕರೆಯಲು ಬಂದಿದ್ದೆ. ನೀವು ಊರುಗೋಲಿಗೆ ಒರಗಿ ಎದ್ದಾಗ ಎಡಗಾಲಿನ ಹಿಮ್ಮಡಿ ಕಂಡಿತು. ಉದ್ದಕ್ಕೆ ಬಿರುಕು, ಒಳಗೆ ಕೆಂಪು. ಆ ಕೆಂಪು ನನಗೆ ಗೊತ್ತು. ಒಂದೇ ಪಾದ ಎಲ್ಲ ಭಾರ ಹೊತ್ತರೆ ಹಾಗಾಗುತ್ತದೆ.

“ಗೋವಿಂದಣ್ಣ, ಕಾಲು ನೋಡ್ಕೊಳ್ಳಿ. ಹಿಮ್ಮಡಿ ಒಡ್ದದೆ. ನಾಳೆಯೇ ಡಾಕ್ಟರಿಗೆ ತೋರಿಸಿ.”

ನೀವು ಬಗ್ಗಿದಿರಿ, ಕಾಣಲಿಲ್ಲ. ಮುಟ್ಟಿದಿರಿ; ಗೊತ್ತಾಗಲಿಲ್ಲ. “ನಂಗೇ ಕಾಣದ್ದು ನಿಂಗೆ ಹೆಂಗೆ ಕಂಡ್ತೇ?”

ಆಯಿಯನ್ನು ಕರೆದುಕೊಂಡು ಮನೆಗೆ ಬಂದೆ. ನಿಮ್ಮ ಆ ಪ್ರಶ್ನೆಗೇ ಇದನ್ನು ಬರೆದೆ, ನಾಳೆ ಬಾಯಿ ತಪ್ಪದಿರಲಿ ಎಂದು. ಬೆಳಿಗ್ಗೆ, ಹೆಂಗಸರೆಲ್ಲ ಇರುವಾಗಲೇ ಬಂದು ಓದಿ ಹೇಳುತ್ತೇನೆ. ಕೇಳಿದ ಮೇಲೆ ಆಯಿಯ ಕೆಲಸ ಬಿಡಿಸಿದರೂ ಸರಿ, ನನ್ನ ಮುಖಕ್ಕೆ ಉಗಿದರೂ ಸರಿ. ಉಗಿದ ಮೇಲೆ ಕಾಲು ಕೊಡಿ. ದಿನಾ ಸಂಜೆ ಎತ್ತಿ ನೋಡುತ್ತೇನೆ. ಚುಕ್ಕಿಯ ಡಬ್ಬಿಯ ಮುರುಗಲು ತುಪ್ಪ ನಿಮಗೆ ಹಚ್ಚಲಾರೆ — ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿಮಗೆ ಬೇರೆ ಡಬ್ಬಿ ತಂದಿಟ್ಟಿದ್ದೇನೆ.

ಹೆಂಗೆ ಕಂಡ್ತು ಎಂದಿರಲ್ಲ, ಗೋವಿಂದಣ್ಣ.

ಅವತ್ತೂ ಕಂಡಿತ್ತು.