ಮೈಕಿನಲ್ಲಿ ಹೇಳಿದ ಗುಟ್ಟು

ಆ ದಿನ ಸಂತೇಬೆನ್ನೂರಿನ ಸಂತೆಯಲ್ಲಿ ನನಗೆ ಬಂದೋಬಸ್ತ್ ಡ್ಯೂಟಿ. ಮಧ್ಯಾಹ್ನ ಸಾಹೇಬರ ಫೋನ್ ಬಂತು. ಸಂತೆಯಲ್ಲಿ ಬಾಂಬ್ ಇಟ್ಟಿದ್ದೇವೆ ಎಂದು ಯಾರೋ ಠಾಣೆಗೆ ಬೆದರಿಕೆ ಹಾಕಿದ್ದರಂತೆ.

"ಬಾಂಬ್ ಅನ್ನೋ ಮಾತೇ ಎತ್ತಬೇಡ. ನೂಕುನುಗ್ಗಲಾಗಿ ಜನ ಸಾಯ್ತಾರೆ. ಕರೆಂಟ್ ವೈರ್ ಹರಿದೈತೆ ಅಂತ ಹೇಳಿ ಕಳಿಸು."

ಮೈಕಿನಲ್ಲಿ ಹಾಗೇ ಕೂಗಿದೆ. ಯಾರೂ ಅಲುಗಲಿಲ್ಲ. ಒಣಮೆಣಸಿನಕಾಯಿ ಮಾರುತ್ತಿದ್ದ ಗಂಗಮ್ಮ ನನ್ನ ಮುಖವನ್ನೇ ನೋಡಿದರು.

"ವೈರ್ ಹರಿದ್ರೆ ನೀವ್ಯಾಕ್ರೀ ಹಿಂಗೆ ನಡುಗ್ತೀರಿ? ನಿಜ ಹೇಳ್ರಿ. ನನ್ನ ಮೊಮ್ಮಗಳೂ ಇಲ್ಲೇ ಅದಾಳೆ."

ಸುಳ್ಳು ಹೇಳಿದರೆ ಇವರು ಏಳುವುದಿಲ್ಲ, ನಿಜ ಹೇಳಿದರೆ ಕಾಲ್ತುಳಿತವಾದರೆ? ಕೊನೆಗೆ ಮತ್ತೆ ಮೈಕ್ ಹಿಡಿದೆ.

"ಇಲ್ಲಿ ಬಾಂಬ್ ಐತೆ ಅಂತ ಫೋನ್ ಬಂದೈತೆ. ಸುಳ್ಳೂ ಇರಬಹುದು. ಓಡಬೇಡ್ರಿ. ವಯಸ್ಸಾದವರ, ಮಕ್ಕಳ ಕೈ ಹಿಡ್ಕೊಂಡು ಶಾಲೆ ಮೈದಾನಕ್ಕೆ ನಡೀರಿ."

ಜನ ತಕ್ಕಡಿ, ರಾಶಿ ಎಲ್ಲ ಅಲ್ಲೇ ಬಿಟ್ಟು ಎದ್ದರು. ಯಾರೂ ಯಾರನ್ನೂ ತಳ್ಳಲಿಲ್ಲ. ನಡೆಯಲಾಗದ ಅಜ್ಜನೊಬ್ಬನನ್ನು ಗುರುತಿಲ್ಲದ ಇಬ್ಬರು ಹೊತ್ತುಕೊಂಡು ಹೋದರು. ಗಂಗಮ್ಮ ಮೊಮ್ಮಗಳ ಜೊತೆ ಇನ್ಯಾರದೋ ಮಗುವಿನ ಕೈಯನ್ನೂ ಹಿಡಿದಿದ್ದರು. ಅಷ್ಟು ಜನ ಅಷ್ಟು ಮೆತ್ತಗೆ ನಡೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಎಷ್ಟು ಹುಡುಕಿದರೂ ಬಾಂಬ್ ಸಿಗಲಿಲ್ಲ. ಸಂಜೆ ಠಾಣೆಯಲ್ಲಿ ಸಾಹೇಬರು ಬೆನ್ನು ತಟ್ಟಿದರು. "ಭೇಷ್! ಒಬ್ಬರಿಗೂ ಗೊತ್ತಾಗದ ಹಂಗೆ ಸಂತೆ ಖಾಲಿ ಮಾಡಿಸಿದೀಯ. ಗೊತ್ತಾಗಿದ್ರೆ ಇಷ್ಟು ಶಾಂತವಾಗಿ ಹೋಗ್ತಿದ್ರಾ?"

ನಾನು ಸೆಲ್ಯೂಟ್ ಹೊಡೆದೆ.