ಪೀಕಾಗಾಗಿ ಜೀಪು ನಿಲ್ಲಿಸಿದವಳು

ನಮ್ಮ ಲಡಾಖ್ ಪ್ರವಾಸದ ಪ್ಲಾನನ್ನು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ರಾಣಿಯೊಂದು ತಲೆಕೆಳಗು ಮಾಡಿತು. ಅದೂ ನಾವು ಕುವೈತ್ ಬಿಡುವ ಮೊದಲೇ.

ಕುವೈತಿನ ಮಹಬೂಲಾದ ನಮ್ಮ ಫ್ಲಾಟಿನಲ್ಲಿ ಪ್ರವಾಸದ ಮಾತಿಗೆಂದು ಮೂರು ಕುಟುಂಬಗಳು ಸೇರಿದ್ದೆವು. ಮುಂದಾಳು ಸುಧಾಕರಣ್ಣ. ಕಾಪುವಿನವರು, ಹೋಟೆಲ್ ಮ್ಯಾನೇಜರು. ಚಳಿಗಾಲದ ಶುಕ್ರವಾರ ಮರಳಿನ ಮೇಲೆ ಕಾರು ಹಾರಿಸದಿದ್ದರೆ ಊಟ ಸೇರದ ಮನುಷ್ಯ. (ಪಕ್ಕದ ಸೀಟಿನಲ್ಲಿ ಕೂತು ಚಪ್ಪಾಳೆ ತಟ್ಟುವವನು ನಾನು.)

"ಲಡಾಖಲ್ಲಿ ಲೇಕ್ ಹತ್ರ ಒಳ್ಳೆ ಹುಲ್ಲುಗಾವಲು ಉಂಟಂತೆ. ಅಲ್ಲಿ ರೋಡ್ ಬಿಟ್ಟು ಜೀಪ್ ಇಳಿಸುವ," ಎಂದರು.

"ನೋ ಅಂಕಲ್," ಎಂದಳು ನನ್ನ ಮಗಳು ಮಾನ್ವಿ.

ಹನ್ನೆರಡರ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. (ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ?) ಆ ಹುಲ್ಲಿನ ಕೆಳಗೆ ಪೀಕಾ ಎಂಬ ಪುಟ್ಟ ಪ್ರಾಣಿಗಳ ಬಿಲಗಳಿವೆ ಎಂದು ಇಂಗ್ಲಿಷಿನಲ್ಲಿ ಸರಸರ ಶುರು ಮಾಡಿದಳು.

ಸುಧಾಕರಣ್ಣ ಕೈ ಎತ್ತಿದರು. "ಇಲಿ ಅಲ್ವಾ ಅದು? ಕನ್ನಡದಲ್ಲಿ ಹೇಳಿ ಒಪ್ಪಿಸು. ಒಪ್ಪಿಸಿದ್ರೆ ಜೀಪ್ ಇಳಿಸುದಿಲ್ಲ."

ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ನಾನು ಸಹಾಯಕ್ಕೆ ಬಾಯಿ ತೆರೆದೆ. ಸುಮ್ಮನಿರಿ ಎಂದು ಹೆಂಡತಿ ಕಣ್ಣಲ್ಲೇ ಗದರಿದಳು.

"ಇಲಿ ಅಲ್ಲ. ಮೊಲದ... ರಿಲೇಟಿವ್," ಮಾನ್ವಿ ಪದ ಹುಡುಕುತ್ತ ಹೇಳಿದಳು. "ಅಲ್ಲಿ ಪೂರಾ ಐಸ್ ಆದ್ರೂ ಅದು ಕರಡಿ ಹಾಗೆ ಮಲಗುದಿಲ್ಲ. ಚಳಿಯಲ್ಲಿ ಎದ್ದೇ ಇರ್ತದೆ. ಆದ್ರೆ ಸೆಕೆ ತಡಿಲಿಕ್ಕೆ ಆಗುದಿಲ್ಲ. ಬಿಸಿಲು ಜಾಸ್ತಿ ಆದ್ರೆ ಒಳಗೆ ಓಡ್ತದೆ. ಬಿಲವೇ ಅದರ ಎಸಿ. ನೀವು ಮೇಲೆ ಜೀಪ್ ಓಡಿಸಿದ್ರೆ ಎಸಿ ಖಲಾಸ್, ಅಂಕಲ್."

ಈಗ ಯಾರೂ ನಗಲಿಲ್ಲ. ಜುಲೈನಲ್ಲಿ ಎಸಿ ಕೆಟ್ಟರೆ ಏನಾಗುತ್ತದೆಂದು ಕುವೈತಿನವರಿಗೆ ಬಿಡಿಸಿ ಹೇಳಬೇಕೇ? ಹೋದ ವರ್ಷ ಸುಧಾಕರಣ್ಣನ ಮನೆಯ ಎಸಿ ನಿಂತಾಗ ಇಡೀ ಸಂಸಾರ ನಮ್ಮ ಹಾಲಿನಲ್ಲೇ ಮಲಗಿತ್ತು.

ಅವರು ಅಲ್ಲಿಂದಲೇ ಟೂರ್ ಏಜೆಂಟನಿಗೆ ಫೋನ್ ಹಚ್ಚಿದರು. "ಭಾಯಿ, ಜೀಪ್ ರೋಡಿನಲ್ಲೇ ಇರಲಿ. ಹಮ್ ಪೈದಲ್ ಜಾಯೇಂಗೆ." ಅಂತೂ ನಡೆದೇ ಹೋಗುವುದೆಂದಾಯಿತು.

ಬೇಸಿಗೆ ರಜೆಗೆ ಲಡಾಖಿಗೆ ಹೋದೆವು. ಆ ಹುಲ್ಲುಗಾವಲಿನ ರಸ್ತೆ ಬದಿಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ಬಂತು ನೋಡಿ: ದುಂಡು ಕಿವಿ, ಬಾಲವಿಲ್ಲದ ಬೆನ್ನು, ಬಾಯಿ ತುಂಬ ಹುಲ್ಲು. ಅಷ್ಟರಲ್ಲಿ ಇನ್ನೊಂದು ಗುಂಪಿನ ಜೀಪು ಹುಲ್ಲಿಗೆ ಇಳಿಯಲು ತಿರುಗಿತು. ಎರಡೂ ಕೈ ಅಗಲಿಸಿ ಅದರ ಮುಂದೆ ನಿಂತವರು ಯಾರು? ನಮ್ಮ ಸುಧಾಕರಣ್ಣ. ಜೀಪು ಹಿಂದೆ ಸರಿಯಿತು. ಮಾನ್ವಿ ಅವರನ್ನು ಓಡಿಹೋಗಿ ತಬ್ಬಿಕೊಂಡಳು.

ಕುವೈತಿಗೆ ಮರಳಿದ ಮೇಲೆ, ಕಳೆದ ಶುಕ್ರವಾರ, ಇಲ್ಲಿನ ಮರಳುಗಾಡಿಗೆ ಹೋಗಿದ್ದೆವು. ಸುಧಾಕರಣ್ಣ ಹಳೆಯ ಟ್ರ್ಯಾಕ್ ಬಿಟ್ಟು ಇಳಿಯಲೇ ಇಲ್ಲ. ಯಾಕೆ ಎಂದೆ.

"ಇಲ್ಲಿಯೂ ಕೆಳಗೆ ಯಾರಾದ್ರೂ ಇರ್ಬಹುದು ಮಾರಾಯ್ರೆ."

ಅಷ್ಟಗಲದ ಜಾಗ ಕಂಡ ಕೂಡಲೇ ಗಾಡಿ ಇಳಿಸುತ್ತೇವಲ್ಲ, ಅದು ಖಾಲಿಯಿದೆ ಎಂದು ನಮಗೆ ಹೇಳಿದವರು ಯಾರು?