ನಾಲ್ಕನೇ ಪೈಪಿನ ಉಸುಕು

ಹೋದ ವಾರ ನಾನು ಒಂದು ಮರುಭೂಮಿಯನ್ನು ಹುರಿದೆ.

ಪೂರ್ತಿ ಮರುಭೂಮಿಯನ್ನಲ್ಲ, ಒಂದು ಪೈಪಿನಷ್ಟು. ಆದರೂ ಹುರಿದದ್ದು ಹುರಿದದ್ದೇ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಅಂಕಣವನ್ನೂ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತುಕೊಂಡೇ ಟೈಪ್ ಮಾಡುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮಣ್ಣನ ಮಗಳು ಮೇಘಾ ಇಲ್ಲೇ ಹೈದರಾಬಾದಿನ ಗಚ್ಚಿಬೌಲಿ ಕಡೆ ಹಾಸ್ಟೆಲ್ಲಿನಲ್ಲಿದ್ದು ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಥಾರ್ ಮರುಭೂಮಿಯ ಮರಳು. (ಬಾಗಲಕೋಟೆ ಹುಡುಗಿ ಮರಳು ನೋಡೋಕೆ ರಾಜಸ್ಥಾನಕ್ಕೇ ಹೋಗಬೇಕಾ ಎಂದು ನಮ್ಮಣ್ಣ ಇಂದಿಗೂ ಕೇಳುತ್ತಾನೆ.) ಎರಡು ವಾರ ಅಲ್ಲಿ ಬಿಸಿಲಿನಲ್ಲಿ ಗುಂಡಿ ತೋಡಿ, ಕರ್ರಗಾಗಿ, ರೈಲಿಳಿದು ಸೀದಾ ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಬಂದಳು. ಅವಳ ಲ್ಯಾಬ್ ರಿಪೇರಿಗೆಂದು ಸೋಮವಾರದವರೆಗೆ ಬಂದ್. ಹಾಸ್ಟೆಲ್ ರೂಮಿನಲ್ಲಿ ಅಷ್ಟು ಸಾಮಾನಿಗೆ ಜಾಗವಿಲ್ಲ. ಹಾಗಾಗಿ ನಮ್ಮ ಬಾಲ್ಕನಿಯಲ್ಲಿ ಒಂದು ದೊಡ್ಡ ಚೀಲ ಬಂದು ಕೂತಿತು. ಒಳಗೆ ಒಂದಷ್ಟು ಪ್ಲಾಸ್ಟಿಕ್ ಪ್ಯಾಕೆಟ್ಟುಗಳು, ಕರಿ ಕವರಿನಲ್ಲಿ ಸುತ್ತಿ ಟೇಪು ಬಿಗಿದ ನಾಲ್ಕು ಕಬ್ಬಿಣದ ಪೈಪುಗಳು.

"ಏನವ್ವ ಇದು ಇಷ್ಟು ಭಾರ?" ಎಂದೆ.

"ಎಲ್ಲಾ ಉಸುಕ ಅತ್ತಿ. ಸೋಮವಾರ ಒಯ್ತೀನಿ," ಎಂದು ಹೇಳಿ ಹಾಸ್ಟೆಲ್ಲಿಗೆ ಹೋದಳು. ನಮ್ಮ ಕಡೆ ಮರಳಿಗೆ ಉಸುಕು ಅಂತಲೇ ಹೇಳುವುದು.

ಮರುದಿನ ನಾಗರ ಪಂಚಮಿ. ಪಂಚಮಿ ಎಂದರೆ ನಮಗೆ ಜೋಳದ ಅಳ್ಳು. ಕಬ್ಬಿಣದ ಬಾಣಲೆಯಲ್ಲಿ ಉಸುಕು ಕಾಯಿಸಿ, ನೆನೆಸಿ ಆರಿಸಿದ ಜೋಳ ಹಾಕಿದರೆ ಚಟಚಟ ಅರಳುತ್ತದೆ. ಜರಡಿ ಹಿಡಿದರೆ ಉಸುಕು ಕೆಳಗೆ, ಅಳ್ಳು ಮೇಲೆ. ನಮ್ಮವ್ವ ಇದಕ್ಕೆಂದೇ ಒಂದು ಡಬ್ಬಿ ಹೊಳೆ ಉಸುಕನ್ನು ವರ್ಷವಿಡೀ ಕಾದಿಡುತ್ತಿದ್ದಳು. ಹೈದರಾಬಾದಿನಲ್ಲಿ ಹೊಳೆ ಉಸುಕು ಎಲ್ಲಿಂದ ತರಲಿ? ಎದುರು ಬಿಲ್ಡಿಂಗ್ ಕಟ್ಟುತ್ತಿರುವವರ ಹತ್ತಿರ ಗುಡ್ಡದಷ್ಟು ರೋಬೋ ಸ್ಯಾಂಡ್ ಬಿದ್ದಿದೆ. ಕಲ್ಲನ್ನು ಮಶೀನಿಗೆ ಹಾಕಿ ಪುಡಿ ಮಾಡಿದ್ದು. ಹೋದ ವರ್ಷ ಅದರಲ್ಲೇ ಹುರಿದಿದ್ದೆ. ಅದರ ಧೂಳು ಅಳ್ಳಿಗೆ ಮೆತ್ತಿಕೊಂಡು, ನಮ್ಮ ಯಜಮಾನರ ಹಲ್ಲಿನ ಸಿಮೆಂಟು ಕಿತ್ತುಬಂತು. (ಆ ಬಿಲ್ಡಿಂಗಿನ ಸಿಮೆಂಟಾದರೂ ಗಟ್ಟಿಯಾಗಿರಲಿ ದೇವರೇ.)

ಇಂಥ ಹೊತ್ತಿನಲ್ಲಿ ಬಾಲ್ಕನಿಯಲ್ಲೇ ಒಂದು ಚೀಲ ಉಸುಕು ಇದ್ದರೆ ನೀವಾದರೂ ಏನು ಮಾಡುತ್ತಿದ್ದಿರಿ?

ನಾನು ಅವಿವೇಕಿಯಲ್ಲ. ಪ್ಯಾಕೆಟ್ಟುಗಳನ್ನು ಮುಟ್ಟಲಿಲ್ಲ. ಅವುಗಳ ಮೇಲೆ ಊರು, ತಾರೀಖು, ಆಳ ಎಂದು ಇಡೀ ಜಾತಕವೇ ಬರೆದಿತ್ತು. ಮುಖ್ಯವಾದವು ಅವೇ ಇರಬೇಕು ಅಂದುಕೊಂಡೆ. ಪೈಪುಗಳ ಮೇಲೆ ಬರೀ ಒಂದು, ಎರಡು, ಮೂರು, ನಾಲ್ಕು. ಅವತ್ತೇ ಸಂಜೆ ನಾಲ್ಕನೆಯದರ ಟೇಪು ಬಿಚ್ಚಿದೆ.

ಎಂಥ ಉಸುಕು ಅಂತೀರಿ! ಒಂದೇ ಸಮ, ನುಣ್ಣಗೆ, ತಿಳಿ ಕೆಂಪು. ಧೂಳೆಂಬುದಿಲ್ಲ. ಕೈಯಲ್ಲಿ ಹಿಡಿದರೆ ರಾಗಿಯಂತೆ ಜಾರುತ್ತದೆ. ಒಂದು ಕಾಳೂ ಹುಸಿಹೋಗದಂತೆ ಜೋಳ ಅರಳಿತು. ಆಮೇಲೆ ಉಸುಕನ್ನು ಆರಿಸಿ, ಎರಡು ಸಲ ಜರಡಿ ಹಿಡಿದು, ಮತ್ತೆ ಪೈಪಿಗೆ ತುಂಬಿ, ಯಜಮಾನರ ಡಬ್ಬಿಯಲ್ಲಿದ್ದ ಕರಿ ಟೇಪು ಸುತ್ತಿಟ್ಟೆ. ಅವಳು ತಂದದ್ದಕ್ಕಿಂತ ಸ್ವಚ್ಛ ಮಾಡಿಟ್ಟೆನೆಂಬ ಹೆಮ್ಮೆ ಬೇರೆ.

ಹಬ್ಬದ ಬೆಳಿಗ್ಗೆ ಮೇಘಾ ಬಂದಳು. ಅಳ್ಳು ಮುಕ್ಕುತ್ತ, ಒಂದು ಪ್ಯಾಕೆಟ್ಟಿನಿಂದ ಚಿಟಿಕೆ ಉಸುಕು ತೆಗೆದು ಕಾಗದದ ಮೇಲೆ ಹರವಿ, ನನ್ನ ಕೈಗೆ ಭೂತಗನ್ನಡಿ ಕೊಟ್ಟಳು.

"ಈ ಬೆಳ್ಳನವು ಸ್ಫಟಿಕ ಅತ್ತಿ, ಅವ ಭಾಳ. ಗುಲಾಬಿ ಬಣ್ಣದವು ಫೆಲ್ಡ್‌ಸ್ಪಾರ್. ಆ ಕರೀವು ತೂಕದ ಖನಿಜ. ಮ್ಯಾಲಿನ ಕೆಂಪು ಅಂದ್ರ ಕಬ್ಬಿಣದ ತುಕ್ಕು."

"ಇದೆಲ್ಲಾ ಅಲ್ಲೇ ಹುಟ್ಟಿದ್ದೇನು?"

"ಎಲ್ಲೀದ್ರಿ. ಒಂದಿಷ್ಟು ಅರಾವಳಿ ಗುಡ್ಡದ್ದು, ಒಂದಿಷ್ಟು ಹಿಮಾಲಯದಿಂದ ನದಿ ತಂದದ್ದು. ನದಿ ಹಾದಿ ಬದಲಿ ಮಾಡ್ತು, ಉಸುಕು ಉಳೀತು. ಆಮ್ಯಾಲ ಗಾಳಿ ಹೊತ್ಕೊಂಡು ತಿರಗಾಕತ್ತೈತಿ. ಉರುಳಿ ಉರುಳಿ ಗುಂಡಗ ಆಗ್ಯಾವ ನೋಡ್ರಿ. ಯಾವ ಕಾಳು ಎಲ್ಲೀದು ಅಂತ ಹುಡುಕೂದ ನನ್ನ ಕೆಲಸ."

ನನಗೆ ಆ ಕಾಳುಗಳ ಮೇಲೆ ಪ್ರೀತಿಯೇ ಬಂತು. ಹತ್ತೊಂಬತ್ತು ವರ್ಷದಿಂದ ಈ ಅಪಾರ್ಟ್‌ಮೆಂಟಿನಲ್ಲಿದ್ದೇನೆ, ಲಿಫ್ಟಿನಲ್ಲಿ ಇಂದಿಗೂ ಯಾರಾದರೊಬ್ಬರು "ಮೀದಿ ಏ ಊರು?" ಎಂದು, ನಿಮ್ಮದು ಯಾವ ಊರು ಎಂದು, ತೆಲುಗಿನಲ್ಲಿ ಕೇಳುತ್ತಾರೆ. ಮರುಭೂಮಿಯ ಮರಳೂ ನಮ್ಮ ಹಾಗೆ ಬೇರೆ ಊರಿನದು ಎಂದರೆ ಖುಷಿಯಾಗದೇ ಇರುತ್ತದೆಯೇ? ಆ ಖುಷಿಯಲ್ಲೇ ಕೇಳಿದೆ, "ಮತ್ತ ಆ ಪೈಪು ಯಾಕ?"

ಕೇಳಬಾರದಿತ್ತು.

"ಅವು ಎಲ್ಲಾಕ್ಕಿಂತ ಮುಖ್ಯ ಅತ್ತಿ," ಎಂದಳು ಮೇಘಾ. ಉಸುಕಿನ ಕಾಳು ಬಿಸಿಲು ಕಂಡಾಗ ಅದರ ಗಡಿಯಾರ ಸೊನ್ನೆಗೆ ಬರುತ್ತದಂತೆ. ಮೇಲೆ ಬೇರೆ ಉಸುಕು ಬಿದ್ದು ಕತ್ತಲಲ್ಲಿ ಹೂತುಹೋದ ಮೇಲೆ, ಸುತ್ತಲಿನ ಮಣ್ಣಿನ ಸಣ್ಣ ವಿಕಿರಣವನ್ನು ಕೂಡಿಸಿಕೊಳ್ಳುತ್ತ ಹೋಗುತ್ತದಂತೆ. ಅದನ್ನು ಲ್ಯಾಬಿನಲ್ಲಿ ಅಳೆದರೆ, ಆ ಕಾಳು ಕೊನೆಯ ಸಲ ಬೆಳಕು ಕಂಡದ್ದು ಎಷ್ಟು ಸಾವಿರ ವರ್ಷದ ಹಿಂದೆ ಎಂದು ಗೊತ್ತಾಗುತ್ತದಂತೆ. ಅದಕ್ಕೇ ಗುಂಡಿಯ ಗೋಡೆಗೆ ಪೈಪು ಬಡಿದು, ಒಳಗಿನದು ಬೆಳಕು ಕಾಣದಂತೆ ಬಾಯಿ ಮುಚ್ಚಿ ತರುವುದು.

"ಬೆಳಕು ಬಿತ್ತಂದ್ರ, ಇಲ್ಲಾ ಬಿಸಿ ತಾಕಿತಂದ್ರ, ಎಲ್ಲಾ ಅಳಿಸಿ ಹೋಗತೈತಿ. ನಾಲ್ಕನೇದು ಭಾಳ ಆಳದ್ದು ಅತ್ತಿ. ಉಸುಕಿನ ದಿಬ್ಬ ಯಾವಾಗ ಶುರು ಆತು ಅಂತ ಅದ ಹೇಳಬೇಕು." ಇಷ್ಟು ಹೇಳಿ ಇನ್ನೊಂದು ಹಿಡಿ ಅಳ್ಳು ಬಾಯಿಗೆ ಹಾಕಿಕೊಂಡಳು. "ಅಳ್ಳು ಈ ಸಲ ಏನ್ ಛಲೋ ಆಗ್ಯಾವರಿ."

ಹೇಳಬೇಕಿತ್ತು. ಆಗಲೇ, ಅಲ್ಲೇ ಹೇಳಬೇಕಿತ್ತು. "ಇನ್ನಷ್ಟು ಬೆಲ್ಲ ಹಾಕ್ಲೇನು?" ಎಂದೆ.

ಆಮೇಲಿನ ದಿನಗಳ ನನ್ನ ಅವಸ್ಥೆ ಯಾರಿಗೂ ಬೇಡ. ಪಲ್ಯಕ್ಕೆ ಎರಡು ಸಲ ಉಪ್ಪು. ಗಳಿಗೆಗೊಮ್ಮೆ ಬಾಲ್ಕನಿಗೆ ಹೋಗಿ ಪೈಪು ನೋಡುವುದು, ಒಳಗೆ ಬರುವುದು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಲ್ಯಾಬಿನ ಮಶೀನು ಕೆಟ್ಟಿತ್ತು ಅಂದುಕೊಳ್ಳುತ್ತಾರೆ. ರಿಪೇರಿಯೇ ನಡೆದಿದೆಯಲ್ಲ? ಮನಸ್ಸು ಎಷ್ಟು ಚುರುಕಾಗಿ ವಕೀಲಿ ಮಾಡುತ್ತದೆ ನೋಡಿ. ಮಕ್ಕಳಿಗೆ ನಿಜ ಹೇಳಿ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಭಾನುವಾರ ಮಧ್ಯಾಹ್ನ ತಡೆಯಲಾಗದೆ ಯಜಮಾನರಿಗೆ ಹೇಳಿದೆ. ಅವರು ಬಾಲಾನಗರದ ಒಂದು ಫ್ಯಾಕ್ಟರಿಯಲ್ಲಿ ವಿಮಾನದ ಉಪಕರಣಗಳ ಟೆಸ್ಟಿಂಗ್ ಮಾಡುವವರು. ಪೇಪರಿನಿಂದ ತಲೆ ಎತ್ತಲಿಲ್ಲ.

"ನಮ್ಮಲ್ಲಿ ಪಾರ್ಟ್ ಕೈಜಾರಿ ಬಿತ್ತಂದ್ರ, ಮ್ಯಾಲ ಏನೂ ಕಾಣಲಿಲ್ಲಂದ್ರೂ, ಬೀಳಿಸಿದಾವನ ಅದಕ್ಕ ಕೆಂಪು ಚೀಟಿ ಕಟ್ತಾನ," ಎಂದರು. "ಬ್ಯಾರೇದಾವ್ರಿಗೆ ಗೊತ್ತಾಗೂದಿಲ್ಲಲ್ಲ."

"ಕಟ್ಟಲಿಲ್ಲಂದ್ರ?"

"ಅದನ್ನ ವಿಮಾನದಾಗ ಹಾಕ್ತಾರ."

ಸೋಮವಾರ ಬೆಳಿಗ್ಗೆ ಮೇಘಾ ಚೀಲ ಒಯ್ಯಲು ಬಂದಳು. ಕ್ಯಾಬ್ ಕೆಳಗೆ ನಿಂತಿತ್ತು. ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಅಳ್ಳು, ಉಸುಕು, ಟೇಪು, ಎಲ್ಲ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸ್ತಿಲ ಮೇಲೇ ಕೂತಳು. ಕಣ್ಣು ತುಂಬಿತ್ತು, ಒರೆಸಿಕೊಂಡಳು.

"ಉಳದ ಮೂರು ಮುಟ್ಟಿಲ್ಲಲ್ರಿ?"

"ದೇವರಾಣಿ ಮುಟ್ಟಿಲ್ಲವ್ವ."

"ಎಷ್ಟೊತ್ತು ಹುರದ್ರಿ?"

"ಅರ್ಧಾ ತಾಸು."

ನೋಟ್‌ಬುಕ್ ತೆಗೆದು ಬರೆದುಕೊಂಡಳು. ಬಾಣಲೆ ಯಾವುದು, ಉರಿ ಎಷ್ಟಿತ್ತು, ಎಷ್ಟು ಸಲ ಜರಡಿ ಹಿಡಿದೆ, ಎಲ್ಲ ಕೇಳಿ ಬರೆದುಕೊಂಡಳು. ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿ, ಅದೇ ಗುಂಡಿಯ ಪಕ್ಕದಲ್ಲಿ ಮತ್ತೆ ತೋಡಬೇಕಂತೆ. ಗೈಡ್ ಒಪ್ಪಬೇಕು, ಜೀಪು ಸಿಗಬೇಕು. ಆ ಉಸುಕಿನ ವಯಸ್ಸು ಹೋಯಿತು, ಆದರೆ ಕಾಳು ಎಲ್ಲಿಯದು ಎನ್ನುವುದು ಹುರಿದರೂ ಹೋಗುವುದಿಲ್ಲವಂತೆ. ಅಷ್ಟಕ್ಕಾದರೂ ಬರುತ್ತದೆ ಎಂದು ಪೈಪನ್ನು ಎತ್ತಿಕೊಂಡಳು.

ಲಿಫ್ಟಿನ ಬಾಗಿಲಲ್ಲಿ ನಿಂತು ಹೇಳಿದಳು, "ನೀವು ಹೇಳಲಿಲ್ಲಂದ್ರ, ತಳದ ಉಸುಕು ಮೊನ್ನಿಂದು ಅಂತ ಬರ್ತಿತ್ತು ಅತ್ತಿ. ನಾನ ಪೈಪು ಸರಿ ಬಡದಿಲ್ಲ, ನನ್ನಿಂದನ ತಪ್ಪಾತು ಅನ್ಕೋತಿದ್ದೆ."

ಲಿಫ್ಟು ಕೆಳಗಿಳಿಯಿತು. ನಾನು ಇನ್ನೂ ನಿಂತೇ ಇದ್ದೇನೆ.

ಎಷ್ಟು ಹೊತ್ತು ಹುರಿದೆ ಎಂದು ಅವಳು ಕೇಳಿ ಬರೆದುಕೊಂಡಳು. ಎಷ್ಟು ದಿನ ಸುಮ್ಮನಿದ್ದೆ ಎಂದು ಕೇಳಲಿಲ್ಲ, ಅದಕ್ಕೇ ನಾನೇ ಇಲ್ಲಿ ಬರೆಯುತ್ತಿದ್ದೇನೆ: ಮೂರು ದಿನ.